ಸಮುದ್ರದೊಳಗೆ ಉಘೇ ಅಂದ ಕಂಡಕ್ಟರ್

ಅಂಡಮಾನಿಗೆ ಹೊರಟಾಗ ನನಗೆ ಸಮುದ್ರದ ಭಯ ಎಳ್ಳಷ್ಟೂ ಇರಲಿಲ್ಲ. ಮಾದಪ್ಪನ ಬೆಟ್ಟದ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವನಿಗೆ ನೀರು ಯಾವ ಲೆಕ್ಕ! ಮೇಲಾಗಿ, ಹರೆಯದಲ್ಲಿ ತುಂಬಿದ ಕಾವೇರಿಯನ್ನು ಈಜಿ ದಾಟಿದ್ದೆನೆಂದು ಮದುವೆಯಾದ ಹೊಸತರಲ್ಲೇ ಹೆಂಡತಿ ರತ್ನಮ್ಮನಿಗೆ ಹೇಳಿದ್ದೆ. ಹೇಳಿ ಹೇಳಿ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಹನೂರಿನಿಂದ ಹೋದವರು ಹನ್ನೊಂದು ಮಂದಿ, ಎಲ್ಲರೂ ತಲೆ ನರೆತವರು. ದ್ವೀಪದಲ್ಲಿ ಸ್ನಾರ್ಕ್ಲಿಂಗ್ ಎಂಬ ವ್ಯವಸ್ಥೆಯಿತ್ತು. ಮುಖಕ್ಕೆ ದೊಡ್ಡ ಕನ್ನಡಕ, ಬಾಯಿಗೆ ಕೊಳವೆ, ಮೈಗೆ ಲೈಫ್ ಜಾಕೆಟ್. ನೀರಿನ ಮೇಲೆ ಬೋರಲಾಗಿ ತೇಲುತ್ತ ಮೀನು ನೋಡುವುದು. ಗೈಡ್ ಹಾಕಿದ ಷರತ್ತು ಒಂದೇ: ಏನೇ ಕಂಡರೂ ಬಾಯಿ ಬಿಡಬಾರದು.

ಕನ್ನಡಕ ಇದ್ದದ್ದು ಹತ್ತೇ. ಒಂದು ಕಡಿಮೆ ಬಿತ್ತು. ಕೊನೆಯದನ್ನು ನಾನು ಕಸಿದುಕೊಂಡೆ. ನನ್ನ ಪಾಪಗಳಲ್ಲಿ ಇದು ಮೊದಲನೆಯದು.

"ನಾನೂ ಇಳೀತೀನಿ ಕಣ್ರಿ. ಮೀನು ನೋಡ್ಬೇಕು ಅಂತ್ಲೇ ಅಲ್ವಾ ಬಂದದ್ದು?" ಎಂದಳು ರತ್ನಮ್ಮ.

"ಎಂಗಸ್ರಿಗೆ ಇದೆಲ್ಲ ಆಗಕ್ಕಿಲ್ಲ ಕಣಮ್ಮಿ. ದಡದಲ್ಲಿ ಕುಂತು ಚಪ್ಲಿ ನೋಡ್ಕ."

"ಸರಿ, ಓಗಿ. ಕಾವೇರಿ ದಾಟ್ದೋರಲ್ವಾ ನೀವು!"

ಇಳಿದೆ. ಜಾಕೆಟ್ಟು ತೇಲಿಸಿತು. ಮುಖ ನೀರಿಗಿಟ್ಟರೆ, ಅಯ್ಯೋ, ಆ ಬಣ್ಣ! ಅರಿಸಿನ ಬಳಿದಂಥ ನೂರಾರು ಮೀನುಗಳು ಒಟ್ಟಿಗೇ ತಿರುಗಿದವು, ಥೇಟ್ ಘಾಟಿಯ ಮೊದಲ ತಿರುವಿನಲ್ಲಿ ನಮ್ಮ ಬಸ್ಸು ತಿರುಗುವಂತೆ. ಆ ತಿರುವಿನಲ್ಲಿ ಘೋಷ ಎತ್ತುವುದು ಮೂವತ್ತು ವರ್ಷ ನನ್ನದೇ ಕರ್ತವ್ಯವಾಗಿತ್ತು. ಭಕ್ತಿಯೋ, ಅಭ್ಯಾಸವೋ, ಕೊಳವೆಯೊಳಗೇ ಕೂಗಿಬಿಟ್ಟೆ.

"ಉಘೇ ಮಾದಪ್ಪಾ!"

ಕೂಗು ಕೊಳವೆಯ ತುದಿಯಿಂದ ತುತ್ತೂರಿಯಂತೆ ಹೊರಟಿತು. ಅದನ್ನು ಕೇಳಿ ಹನೂರಿನವರು ಸುಮ್ಮನಿರುವುದುಂಟೇ? ಒಂಬತ್ತು ಬಾಯಿಗಳು ಒಮ್ಮೆಲೇ ತೆರೆದವು. "ಉಘೇ ಉಘೇ!" ಒಂಬತ್ತು ಕೊಳವೆ ಕಳಚಿದವು. ಒಂಬತ್ತು ಮಂದಿ ಸಮುದ್ರ ಕುಡಿದರು!

ನನ್ನ ಬಾಯಿಂದ ಕೊಳವೆಯ ಜೊತೆಗೆ ಕಟ್ಟಿಸಿದ ಹಲ್ಲಿನ ಸೆಟ್ಟೂ ಹೊರಟುಹೋಯಿತು. ಕೈಕಾಲು ಬಡಿಯುತ್ತ ಅರಚಿದೆ: "ಮುಳುಗ್ದೇ ಕಣ್ರಪ್ಪೋ! ನಂಗೆ ಈಜು ಬರಕ್ಕಿಲ್ಲ! ಯಾರಾರಾ ಇಡ್ಕಳ್ರೋ!"

ನಲವತ್ತೊಂದು ವರ್ಷದ ಗುಟ್ಟನ್ನು ಇಡೀ ಬಂಗಾಳಕೊಲ್ಲಿಗೇ ಹೇಳಿದೆ.

"ಎದ್ದು ನಿಂತ್ಕಳ್ಲಾ, ಎದೆಮಟ್ಟ ನೀರು!" ಎಂದು ಕೆಮ್ಮುತ್ತಲೇ ಬೈದ ಪಕ್ಕದ ಮನೆಯ ಪುಟ್ಟಮಾದ.

ನಿಂತೆ. ಅಷ್ಟರಲ್ಲಿ ರತ್ನಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬಂದಳು. "ಆ ಕನ್ನಡಕ ಇತ್ಲಾಗೆ ಕೊಡಿ" ಎಂದು ಕಿತ್ತುಕೊಂಡು ಮುಳುಗಿಯೇಬಿಟ್ಟಳು! ನನ್ನ ಜೀವ ಬಾಯಿಗೆ ಬಂತು. ಎದ್ದಾಗ ಅವಳ ಅಂಗೈಯಲ್ಲಿ ನನ್ನ ಹಲ್ಲು.

"ನಿಂಗೆ ಈಜು ಬತ್ತದಾ?"

"ಒಳೆ ದಡದಲ್ಲಿ ಉಟ್ದೋಳು ನಾನು. ಯಾವತ್ತಾರ ಕೇಳಿದ್ರಾ?"

"ಮತ್ತೆ... ನಾನು ಕಾವೇರಿ ದಾಟಿದ್ದು?"

"ದಾಟ್ಸಿದ್ದು ನಮ್ಮೂರ ಅಂಬಿಗನೇ. ಅರಿಗೋಲಲ್ಲಿ ಕಣ್ಮುಚ್ಕಂಡು ಕುಂತಿದ್ರಂತೆ. ಮದ್ವೆ ವರ್ಷವೇ ಯೋಳಿದ್ದ."

"ಇಷ್ಟು ವರ್ಷ ಯಾಕಮ್ಮಿ ಸುಮ್ಕಿದ್ದೆ?"

"ಚೆಂದಾಗಿ ಯೋಳ್ತಿದ್ರಲ್ಲ, ಅದಕ್ಕೇ" ಎಂದವಳು ಮೀನುಗಳ ಹಿಂದೆ ಹೊರಟೇಹೋದಳು.

ಒಂದು ಗಂಟೆಯಾದರೂ ಅವಳು ದಡಕ್ಕೆ ಬರಲೊಲ್ಲಳು. ಹಲ್ಲನ್ನು ಜೇಬಿಗಿಳಿಸಿ, ನಾನು ದಡದಲ್ಲಿ ಕುಳಿತು ಹನ್ನೊಂದು ಜೊತೆ ಚಪ್ಪಲಿ ಕಾದೆ. ಅತ್ಯಂತ ಜವಾಬ್ದಾರಿಯಿಂದ ಕಾದೆ.

ಆದರೂ ಅಲೆಯೊಂದು ಬಂದು ಒಂದು ಜೊತೆ ಕೊಂಡೊಯ್ದಿತು. ನನ್ನದೇ!