ಎರಡನೇ ಒಲೆ

ಸರ್ಕಾರಕ್ಕೆ ನಾನು ಋಣಿ ಎಂದು ಬಾಯಿಬಿಟ್ಟು ಹೇಳುವ ಪ್ರಾಥಮಿಕ ಶಾಲೆಯ ಮಾಷ್ಟ್ರು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಸಂಬಳ ಕೊಟ್ಟದ್ದಕ್ಕಲ್ಲ, ಅದರಲ್ಲಿ ಋಣಿಯಾಗುವಂಥದ್ದೇನೂ ಇರಲಿಲ್ಲ. ಅರವತ್ತೊಂದರ ಜನಗಣತಿಗೆ ನನ್ನನ್ನು ದೂಡಿದ್ದಕ್ಕೆ. ಆಗಷ್ಟೇ ಪುತ್ತೂರಿನಿಂದ ಅಜ್ಜಾವರದ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಮದುವೆಯಾಗಿರಲಿಲ್ಲ. ಶಾಲೆಯ ಪಕ್ಕದ ಕೋಣೆಯಲ್ಲಿ ವಾಸ, ಸೀಮೆಎಣ್ಣೆ ಸ್ಟವ್ವಿನಲ್ಲಿ ಸ್ವಯಂಪಾಕ. ನನ್ನ ಸಾರಿನ ರುಚಿ ನೋಡಿದ ನಾಯಿಯೊಂದು ಆಮೇಲೆ ಆ ದಾರಿಯಲ್ಲಿ ಬರುವುದನ್ನೇ ಬಿಟ್ಟಿತ್ತು.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಇಷ್ಟು: ಗೋಡೆ ನೋಡಬೇಡಿ, ಮಾಡಿನ ಹಂಚು ನೋಡಬೇಡಿ, ಒಲೆ ನೋಡಿ. ಒಂದು ಒಲೆಯಲ್ಲಿ ಬೆಂದದ್ದನ್ನು ದಿನವೂ ಉಣ್ಣುವವರು ಒಂದು ಕುಟುಂಬ. ಹಾಗಾಗಿ ಮೊತ್ತಮೊದಲು ನನ್ನನ್ನೇ ಬರೆದುಕೊಂಡೆ. ಯಜಮಾನನೂ ನಾನೇ, ಸದಸ್ಯನೂ ನಾನೇ. ಯಜಮಾನ ಎಂದು ಬರೆಯುವಾಗ ಬೆನ್ನು ಸ್ವಲ್ಪ ನೆಟ್ಟಗಾದದ್ದು ನಿಜ. ಆಮೇಲೆ ಫೆಬ್ರವರಿಯ ಬಿಸಿಲಿನಲ್ಲಿ ಮನೆಮನೆ ತಿರುಗಿದೆ. ಹೋದಲ್ಲೆಲ್ಲ ಬೆಲ್ಲ, ನೀರು. ಪ್ರಾಯ ಕೇಳಿದರೆ, "ದೊಡ್ಡ ನೆರೆ ಬಂದ ವರ್ಷ ನಾನು ತೆವಳ್ತಾ ಇದ್ದೆ ಮಾರಾಯ್ರೆ, ನೀವೇ ಲೆಕ್ಕ ಹಾಕಿ" ಎನ್ನುತ್ತಿದ್ದರು. ಲೆಕ್ಕದ ಮಾಷ್ಟ್ರಾದ ನನಗೆ ಬಂದ ಉತ್ತರ ಪ್ರತಿ ಸಲವೂ ಬೇರೆ.

ಹೀಗೆ ಹೋಗುತ್ತ ಕಾವೇರಮ್ಮನ ಮನೆ ಸಿಕ್ಕಿತು. ಗಂಡ ತೀರಿಹೋದ ಹೆಂಗಸು. ಕುಶಾಲಪ್ಪ, ಬೆಳ್ಯಪ್ಪ ಎಂದು ಇಬ್ಬರು ಮಕ್ಕಳು, ಇಬ್ಬರಿಗೂ ಮದುವೆಯಾಗಿತ್ತು. ಒಂದೇ ಮಾಡಿನ ಎರಡು ತುದಿಯಿಂದ ಹೊಗೆ ಬರುತ್ತಿತ್ತು. ಕಾರಣ ಅಕ್ಕಿ. ದೊಡ್ಡವನಿಗೆ ಕುಚ್ಚಲಕ್ಕಿಯೇ ಆಗಬೇಕು. ಚಿಕ್ಕವನ ಹೆಂಡತಿ ಕಲ್ಲುಗುಂಡಿಯವಳು, ತವರಿನಲ್ಲಿ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಉಂಡು ಬೆಳೆದವಳು. ಮಾತಿಗೆ ಮಾತು ಬೆಳೆದು, ದೀಪಾವಳಿ ಕಳೆದದ್ದೇ ಬೇರೆ ಒಲೆ ಹೂಡಿದ್ದರು. ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ನಾನು ದೊಡ್ಡ ಅಧಿಕಾರಿಯ ಗತ್ತಿನಲ್ಲಿ, "ಇಲ್ಲಿ ಎರಡು ಕುಟುಂಬ" ಎಂದೆ.

ಕಾವೇರಮ್ಮ ಜಗಲಿಯಿಂದ ಎದ್ದೇ ಬಿಟ್ಟರು. "ಎಂತ ಹೇಳುದು ಮಾಷ್ಟ್ರೇ? ಮನೆ ಪಾಲಾಗ್ಲಿಲ್ಲ. ಸರ್ಕಾರದ ಕಾಗದದಲ್ಲಿ ಒಮ್ಮೆ ಎರಡು ಅಂತ ಬಿದ್ರೆ ಮತ್ತೆ ಇವರು ಕೂಡುದುಂಟಾ?"

ಅವರ ಕಣ್ಣಲ್ಲಿ ನೀರಿತ್ತು. ನಿಯಮ ಬಿಡುವ ಧೈರ್ಯ ನನಗಿರಲಿಲ್ಲ, ಬರೆಯುವ ಮನಸ್ಸೂ ಬರಲಿಲ್ಲ. "ಮಾರ್ಚ್ ಸುರುವಿಗೆ ತಾಳೆ ನೋಡಲಿಕ್ಕೆ ಇನ್ನೊಮ್ಮೆ ಬರಲಿಕ್ಕುಂಟು. ಆಗ ಎಷ್ಟು ಒಲೆ ಉರಿಯುತ್ತದೋ ಅಷ್ಟು ಬರೆಯುತ್ತೇನೆ" ಎಂದು ಜಾರಿಕೊಂಡೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ನಿಮ್ಮ ಊಟ ಎಲ್ಲಿ?"

"ನಾನೇ ಮಾಡಿಕೊಳ್ಳುವುದು."

"ಅದು ಮೋರೆ ನೋಡಿದ್ರೆ ಗೊತ್ತಾಗ್ತದೆ. ಇವತ್ತಿಂದ ಎರಡು ಹೊತ್ತೂ ಇಲ್ಲಿಗೇ ಬನ್ನಿ."

ಅದು ನನ್ನ ಮೇಲಿನ ಕನಿಕರ ಎಂದೇ ತಿಳಿದೆ. ಉಪಾಯ ತಿಳಿದದ್ದು ಬಾಳೆಲೆಯ ಮುಂದೆ ಕೂತಾಗ. ಬಂದವರೊಬ್ಬರನ್ನೇ ಕೂರಿಸಿ ಬಡಿಸುವ ಕ್ರಮ ಅಲ್ಲಿಲ್ಲ. ಗಂಡಸರು ಜೊತೆಗೆ ಕೂರಲೇಬೇಕು. ಅಣ್ಣ ನನ್ನ ಬಲಕ್ಕೆ, ತಮ್ಮ ಎಡಕ್ಕೆ, ನಡುವೆ ನಾನು ಗೋಡೆ. ಇನ್ನು ಪಂಕ್ತಿಭೇದ ಮಾಡುವಂತಿಲ್ಲ. ಒಂದೇ ಸಾಲಿನಲ್ಲಿ ಒಬ್ಬನಿಗೆ ಬಡಿಸಿದ್ದನ್ನು ಎಲ್ಲರಿಗೂ ಬಡಿಸಬೇಕು. ಸೊಸೆಯಂದಿರು ಹಟಕ್ಕೆ ಬಿದ್ದು ನನ್ನ ಎಲೆಗೆ ತಮ್ಮ ತಮ್ಮ ಅಡುಗೆ ತಂದದ್ದೇ ತಡ, ಕಾವೇರಮ್ಮ, "ಸಾಲಿಗೆ ಬಡಿಸು" ಎಂದರು. ದೊಡ್ಡ ಸೊಸೆಯ ಮೀನಿನ ಸಾರು ಬೆಳ್ಯಪ್ಪನ ಎಲೆಗೂ ಬಿತ್ತು. ಎಷ್ಟೋ ದಿನದ ಮೇಲೆ ಅದನ್ನು ಉಂಡವನು ತಲೆ ಎತ್ತದೆ, "ಅತ್ತಿಗೆ, ಇನ್ನೊಂಚೂರು" ಎಂದ. ಕುಶಾಲಪ್ಪ ನನ್ನ ಬೆನ್ನ ಹಿಂದಿನಿಂದ ಕೈ ಚಾಚಿ ಉಪ್ಪಿನಕಾಯಿಯ ಭರಣಿ ತಮ್ಮನ ಕಡೆ ದೂಡಿದ. ನನಗೆ ಸಂತೋಷದಲ್ಲಿ ಹಸಿವು ಇನ್ನೂ ಹೆಚ್ಚಾಯಿತು.

ದಿನವೂ ಇದೇ ಸಾಲು ನಡೆಯಿತು. ಮಾರ್ಚಿನಲ್ಲಿ ಚೀಲ ನೇತುಹಾಕಿಕೊಂಡು ಹೋದಾಗ ಒಂದೇ ಕಡೆಯಿಂದ ಹೊಗೆ. ಒಂದೇ ಒಲೆ, ಅದರ ಮೇಲೆ ಎರಡು ಪಾತ್ರೆ: ಒಂದರಲ್ಲಿ ಕುಚ್ಚಲು, ಒಂದರಲ್ಲಿ ಬೆಳ್ತಿಗೆ. ಆ ಎರಡನೇ ಒಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಒಂದೇ ಕುಟುಂಬ ಎಂದು ದಪ್ಪಕ್ಷರದಲ್ಲಿ ಬರೆದು, ನಾನೇ ಗೆದ್ದವನ ಹಾಗೆ ಏಳಲು ಹೊರಟೆ.

"ನಿಮ್ಮನ್ನು ಬರೆದಿರಾ?" ಎಂದರು ಕಾವೇರಮ್ಮ.

"ನನ್ನದು ಬೇರೆ ಮನೆ ಅಮ್ಮ."

"ಹೌದಾ? ನಿಮ್ಮ ಸ್ಟವ್ವು ಹೊತ್ತಿಸದೆ ಎಷ್ಟು ದಿನ ಆಯ್ತು?"

ಇನ್ನೊಬ್ಬರ ಮನೆಯ ಒಲೆ ಎಣಿಸುವ ಭರದಲ್ಲಿ ನನ್ನದು ಆರಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊದಲು ಬರೆದಿದ್ದ ಆ ಯಜಮಾನನನ್ನು ಗೀಟೆಳೆದು ಹೊಡೆದುಹಾಕಿ, ಅವರ ಮನೆಯ ಕೊನೆಗೆ ನನ್ನ ಹೆಸರು ಸೇರಿಸಿದೆ. ಯಜಮಾನತಿಗೆ ಏನು ಸಂಬಂಧ ಎಂಬ ಕಾಲಮಿಗೆ ಬಂದು ಪೆನ್ನು ನಿಂತಿತು. "ಎಂತ ಬರೆಯಲಿ ಅಮ್ಮ?" ಎಂದು ಕೇಳಿದೆ.

"ಎಂತ ಬೇಕಾದ್ರೂ ಬರೀರಿ," ಎಂದರು ಅವರು ಒಳಗಿನಿಂದ, "ಮೊದಲು ಕೈ ತೊಳೀರಿ. ನಿಮಗೆ ಅಂತ ಇಬ್ಬರೂ ಎಲೆ ಮುಂದೆ ಕಾಯ್ತಾ ಇದ್ದಾರೆ."