ಕಂಪ್ಯೂಟರ್ ಕಂಡ ರಾಕ್ಷಸ ಗಣ

"ಕಂಪ್ಯೂಟರ್ ತಪ್ಪು ಮಾಡುವುದಿಲ್ಲ. ತಪ್ಪು ಮಾಡುವುದು ಮನುಷ್ಯರು ಮಾತ್ರ."

ಎಂಬತ್ತರ ದಶಕದ ಕೊನೆಯಲ್ಲಿ ಸಾಗರದ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಓಡಾಡಿದವರಲ್ಲಿ ನನ್ನ ಬಾಯಿಂದ ಈ ಮಾತು ಕೇಳದವರು ಕಡಿಮೆ. ಕೇಳುವ ಮನಸ್ಸಿಲ್ಲದವರನ್ನೂ ಹಿಡಿದು ನಿಲ್ಲಿಸಿ ಕೇಳಿಸಿದ್ದೇನೆ. ಮಾತಿನ ಎರಡನೆಯ ಅರ್ಧ ನನಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ!

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದ ನನಗೆ, ಸಾಗರದಲ್ಲಿ ಹೊಸದಾಗಿ ತೆರೆದ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಸಿಕ್ಕಿತ್ತು. ಸೆಂಟರ್ ಎಂದರೆ ಶೆಟ್ಟರ ಹೋಟೆಲಿನ ಮಹಡಿಯ ಒಂದು ಕೋಣೆ, ಅದರೊಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮತ್ತು ಕೆಳಗಿನಿಂದ ಬರುವ ಈರುಳ್ಳಿ ಬಜ್ಜಿಯ ವಾಸನೆ. ಮಾಲೀಕರು ಶಿವಮೊಗ್ಗದಲ್ಲಿದ್ದರು. ಹೀಗಾಗಿ ಮ್ಯಾನೇಜರೂ ನಾನೇ, ಮೇಷ್ಟ್ರೂ ನಾನೇ, ಕಸ ಗುಡಿಸುವವನೂ ನಾನೇ. ಕಲಿಯಲು ಬರುವವರಿಗಿಂತ ನೋಡಲು ಬರುವವರೇ ಹೆಚ್ಚು. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು ಬಂದು, ಪೆಟ್ಟಿಗೆಗೆ ಒಂದು ಕೈ ಮುಗಿದು, "ಇದು ಎಂತ ಮಾಡ್ತದೆ?" ಎಂದು ಕೇಳುತ್ತಿದ್ದರು.

"ಎಲ್ಲಾ ಮಾಡ್ತದೆ."

"ನಮ್ಮ ಎಮ್ಮೆ ಹಟ್ಟಿಗೆ ಬರದೆ ವಾರ ಆಯ್ತು. ಎಲ್ಲಿದೆ ಅಂತ ಹೇಳ್ತದಾ?"

ಅದನ್ನು ಹೇಳುತ್ತಿರಲಿಲ್ಲ. ಬಂದವರು ಮುಖ ಸಣ್ಣದು ಮಾಡಿಕೊಂಡು ಇಳಿದು ಹೋಗುತ್ತಿದ್ದರು. ಊರವರಿಗೆ ಬೇಕಾದದ್ದನ್ನೇ ಇದರಿಂದ ಮಾಡಿಸಬೇಕೆಂದು ಯೋಚಿಸಿ ಯೋಚಿಸಿ ಕೊನೆಗೆ ಜಾತಕ ಕೂಡಿಸುವ ಪ್ರೋಗ್ರಾಂ ಬರೆದೆ. ಪಂಚಾಂಗ ಪಕ್ಕಕ್ಕಿಟ್ಟುಕೊಂಡು ಅಶ್ವಿನಿಯಿಂದ ರೇವತಿಯವರೆಗೆ ಅಷ್ಟೂ ನಕ್ಷತ್ರಗಳ ಗಣ, ನಾಡಿ ಎಲ್ಲವನ್ನೂ ಕಂಪ್ಯೂಟರಿನ ಹೊಟ್ಟೆಗೆ ತುಂಬಿದೆ. ಹುಡುಗನದೊಂದು, ಹುಡುಗಿಯದೊಂದು ನಕ್ಷತ್ರದ ನಂಬರು ಒತ್ತಿದರೆ ಸಾಕು. ಉತ್ತರ ತಕ್ಷಣ ಬಂದರೆ ಜನ ನಂಬುವುದಿಲ್ಲವೆಂದು ನಡುವೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುವಂತೆ ಮಾಡಿದ್ದೆ. ಜಾತಕ ಕೂಡಿದರೆ ಒಳಗಿನ ಸ್ಪೀಕರಿನಿಂದ ಗಟ್ಟಿಮೇಳ. ಕೂಡದಿದ್ದರೆ ಹಳೆಯ ಲಾರಿಯ ಹಾರನ್ನು!

ಮೊದಲು ಬಂದವರೆಲ್ಲ ಮದುವೆಯಾಗಿ ವರ್ಷಗಳೇ ಕಳೆದವರು. ಸುಮ್ಮನೆ ತಮಾಷೆಗೆ ಒತ್ತಿಸಿಕೊಂಡು ಹೋಗುತ್ತಿದ್ದರು. ಕೆಳಗಿನ ಶೆಟ್ಟರಿಗೆ ಹಾರನ್ನು ಹೊಡೆಯಿತು. ಅವರು ಪ್ರಿಂಟಾದ ಕಾಗದವನ್ನು ಜೇಬಿಗಿಟ್ಟುಕೊಂಡು, "ನಂಗೆ ಮೊದ್ಲೇ ಡೌಟಿತ್ತು" ಎಂದು ಖುಷಿಯಾಗಿ ಇಳಿದರು. ಮರುದಿನ ಅವರ ಹೆಂಡತಿ ಕೈಯಲ್ಲಿ ಜಾಲರಿ ಸೌಟು ಹಿಡಿದು ಮೇಲೆ ಬಂದಾಗ ನಾನು ಕಕ್ಕಸಿನೊಳಗೆ ಹೋಗಿ ಚಿಲಕ ಹಾಕಿಕೊಂಡೆ. ಇಷ್ಟಾದರೂ ನನ್ನ ವಿಶ್ವಾಸ ಅಲುಗಲಿಲ್ಲ.

ಆ ಹೊತ್ತಿಗೇ ನನಗೊಂದು ಸಂಬಂಧ ಬಂತು. ಹುಡುಗಿಯ ಅಪ್ಪ ಶೇಷಪ್ಪಗೌಡರು, ತೀರ್ಥಹಳ್ಳಿ ಹತ್ತಿರದ ಮೇಗರವಳ್ಳಿಯಲ್ಲಿ ಅಕ್ಕಿ ಮಿಲ್ ನಡೆಸುತ್ತಿದ್ದವರು. ನಾನೂ ಅಮ್ಮನೂ ಹುಡುಗಿ ನೋಡಲು ಹೋದೆವು. ಹುಡುಗಿ ಹೇಮಾ ಕಾಫಿ ತಂದಿಟ್ಟು, ಒಳಗೆ ಓಡಿ ಹೋಗದೆ ಅಲ್ಲೇ ನಿಂತು ಕೇಳಿದಳು:

"ನಿಮ್ಮ ಕಂಪ್ಯೂಟರಿಗೆ ಕನ್ನಡ ಬರ್ತದಾ?"

"ಇನ್ನೂ ಬರಲ್ಲ."

"ಪಾಪ!" ಎಂದಳು.

ಆ 'ಪಾಪ'ಕ್ಕೆ ನಾನು ಬಿದ್ದೇಹೋದೆ. ಕಂಪ್ಯೂಟರನ್ನು ಕಂಡು ಹೆದರಿದವರಿದ್ದರು, ಕೈ ಮುಗಿದವರಿದ್ದರು. ಅದರ ಮೇಲೆ ಕನಿಕರ ಪಟ್ಟವಳು ಇವಳೊಬ್ಬಳೇ. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ, ಕಾಫಿ ಲೋಟ ಕೆಳಗಿಡುವ ಮೊದಲೇ, ತೀರ್ಮಾನಿಸಿಬಿಟ್ಟೆ.

ಎಲ್ಲರಿಗೂ ಒಪ್ಪಿಗೆಯಾಯಿತು. ಗೌಡರು ಎಲೆ ಅಡಿಕೆ ಮುಂದಿಟ್ಟು, "ಜಾತಕ ಒಂದು ತೋರಿಸಿಬಿಟ್ರೆ ಆಯ್ತು. ನಮ್ಮ ಭಟ್ರು ಊರಲ್ಲಿಲ್ಲ, ಬಂದ ಕೂಡ್ಲೇ ತೋರಿಸ್ತೀನಿ" ಎಂದರು.

ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ.

"ಭಟ್ರಿಗೆ ಯಾಕೆ ತೊಂದ್ರೆ ಗೌಡ್ರೆ? ನಮ್ಮ ಸೆಂಟರಿಗೇ ಬನ್ನಿ. ಕಣ್ಣು ಮುಚ್ಚಿ ಬಿಡೋದ್ರೊಳಗೆ ನೋಡಿಬಿಡೋಣ. ಕಂಪ್ಯೂಟರ್ ತಪ್ಪು ಮಾಡಲ್ಲ!"

ಅಮ್ಮ ನನ್ನ ತೊಡೆ ಚಿವುಟಿದಳು. ನಾನು ಕಾಲು ಸರಿಸಿ ಮಾತು ಮುಂದುವರಿಸಿದೆ.

ಗೌಡರು ಬಂದರು. ಕಂಪ್ಯೂಟರ್ ನೋಡುವ ಆಸೆಯಿಂದ ಹೇಮಾಳೂ ಬಂದಿದ್ದಳು. ಶೆಟ್ಟರು ಮೂರು ಕಾಫಿ ಹಿಡಿದು ಬಂದವರು ಕೆಳಗಿಳಿಯದೆ ಬಾಗಿಲಲ್ಲೇ ನಿಂತರು. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಹೋಮಕ್ಕೆ ಕೂತ ಪುರೋಹಿತನ ಗಾಂಭೀರ್ಯದಿಂದ ಕುರ್ಚಿಯಲ್ಲಿ ಕೂತೆ. ನನ್ನದು ರೋಹಿಣಿ, ಪಂಚಾಂಗದಲ್ಲಿ ನಾಲ್ಕನೆಯದು. ಹೇಮಾಳದು ಹಸ್ತ, ಹದಿಮೂರನೆಯದು. ಎರಡೂ ನಂಬರು ಒತ್ತಿದೆ. ಪರದೆ ಸುಮ್ಮನಾಯಿತು.

"ಯೋಚನೆ ಮಾಡ್ತಿದೆ" ಎಂದೆ.

"ಇಷ್ಟು ಹೊತ್ತಾ?" ಎಂದಳು ಹೇಮಾ, ನಗು ತಡೆದುಕೊಂಡು.

ಗಟ್ಟಿಮೇಳಕ್ಕೆ ನಾನು ಕಿವಿ ನಿಮಿರಿಸಿ ಕೂತಿದ್ದೆ. ಹಾರನ್ನು ಹೊಡೆಯಿತು!

ಪ್ರಿಂಟರು ಕರ ಕರ ಎಂದು ಕಾಗದ ಹೊರಗೆ ತಳ್ಳಿತು. ಅದರಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹೀಗಿತ್ತು: 'ಹುಡುಗಿ ರಾಕ್ಷಸ ಗಣ. ನಾಡಿ ದೋಷ ಇದೆ. ಕೂಡುವುದಿಲ್ಲ.' ಕೆಳಗೆ 'ಶುಭವಾಗಲಿ' ಎಂದೂ ಇತ್ತು. ಅದನ್ನು ಎಲ್ಲರಿಗೂ ಬರುವಂತೆ ನಾನೇ ಹಾಕಿದ್ದೆ.

ಹೇಮಾಳ ಮುಖ ಕೆಂಪಾಯಿತು. "ನಾನು ರಾಕ್ಷಸ ಗಣವಾ?"

ಗೌಡರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎಲ್ಲೋ ತಪ್ಪಾಗಿರಬಹುದು, ಅಲ್ಲನಾ?"

ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಟ್ಟಂತೆ ಗೌಡರು ಆ ಮಾತು ಆಡಿದ್ದರು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿ ನನ್ನನ್ನು ಕೇಳದೆ ತಾನೇ ಮಾತಾಡಿತು:

"ಕಂಪ್ಯೂಟರ್ ತಪ್ಪು ಮಾಡಲ್ಲ ಗೌಡ್ರೆ!"

ಬೆವರುತ್ತಾ ಮತ್ತೆ ನಂಬರು ಒತ್ತಿದೆ. ಹಾರನ್ನು. ಮತ್ತೆ ಒತ್ತಿದೆ. ಹಾರನ್ನು! ಕೆಳಗಿನ ರಸ್ತೆಯಲ್ಲಿ ಯಾರೋ ಲಾರಿ ಬಂತೆಂದು ಪಕ್ಕಕ್ಕೆ ಸರಿದರೆಂದು ಶೆಟ್ಟರು ಆಮೇಲೆ ಹೇಳಿದರು. ಮನುಷ್ಯನಾದರೆ ಕೇಳಿದವರ ಮುಖ ನೋಡಿಯಾದರೂ ಉತ್ತರ ಬದಲಿಸುತ್ತಾನೆ. ಇದಕ್ಕೆ ದಾಕ್ಷಿಣ್ಯವೇ ಇಲ್ಲ.

ಗೌಡರು ನಿಟ್ಟುಸಿರು ಬಿಟ್ಟು ಎದ್ದರು. "ನೀವು ದೊಡ್ಡ ಮನುಷ್ಯರು ಮಾರಾಯ್ರೆ. ನಿಮ್ಮದೇ ಮದ್ವೆ ಆದ್ರೂ ಇದ್ದದ್ದನ್ನ ಇದ್ದಂಗೆ ಹೇಳಿದ್ರಿ. ಋಣ ಇಲ್ಲ, ಎಂತ ಮಾಡೋದು?"

ಹೇಮಾ ಬಾಗಿಲಲ್ಲಿ ಒಂದು ಕ್ಷಣ ನಿಂತು ನನ್ನತ್ತ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಂತಿತ್ತು. ನಾನು ಬಗ್ಗಿ ಪ್ರಿಂಟರಿನ ರಿಬ್ಬನ್ ಸರಿಮಾಡುತ್ತಿದ್ದೆ. ತಲೆಯೆತ್ತಿದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಹಸ್ತ ನಕ್ಷತ್ರ ರಾಕ್ಷಸ ಗಣವಾ? ಯಾವ ದೇಶದಲ್ಲಾ? ಹಸ್ತ ದೇವ ಗಣ ಕಣಾ! ನಿನ್ನ ದೊಡ್ಡತ್ತೆದೂ ಹಸ್ತನೇ."

"ದೊಡ್ಡತ್ತೆಯದಾ? ಹಾಗಾದ್ರೆ ರಾಕ್ಷಸ ಗಣವೇ ಸರಿ" ಎಂದೆ.

ನೋಡಿ ನನ್ನ ಅವಸ್ಥೆ! ಮನಸ್ಸಿಗೆ ಬಂದ ಹುಡುಗಿ ಕೈ ತಪ್ಪಿ ಹೋಗುತ್ತಿದ್ದಾಳೆ, ಆದರೂ ಹೆತ್ತ ತಾಯಿಯ ಎದುರು ಕಂಪ್ಯೂಟರಿನ ಪರ ವಕಾಲತ್ತು ಮಾಡುತ್ತಿದ್ದೇನೆ.

ಅಮ್ಮ ವಾದಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಸೀರೆ ಬದಲಿಸಿ ನನ್ನ ಜೊತೆ ಸೆಂಟರಿಗೇ ಹೊರಟುಬಂದಳು. "ನನ್ನ ನಕ್ಷತ್ರ ಒತ್ತು. ರೇವತಿ. ನಾನು ಯಾವ ಗಣ ಅಂತದೆ ನೋಡೋಣ."

ಇಪ್ಪತ್ತೇಳು ಒತ್ತಿದೆ. ಗಟ್ಟಿಮೇಳವೂ ಇಲ್ಲ, ಹಾರನ್ನೂ ಇಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿ ಪ್ರೋಗ್ರಾಂ ನಿಂತೇಹೋಯಿತು.

"ಎಂತ ಅಂತದೆ?"

"ಅಂಥದ್ದೊಂದು ಇಲ್ಲವೇ ಇಲ್ಲ ಅಂತದೆ."

"ನಾನು ಇಲ್ಲವಾ?" ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೆ ನಿನ್ನ ಹೆತ್ತೋರು ಯಾರಂತೆ, ಕೇಳು ಅದನ್ನ!"

ಕೇಳಬೇಕಾಗಲಿಲ್ಲ. ನನ್ನ ತಲೆಗೆ ಯಾರೋ ಮೊಟಕಿದಂತಾಯಿತು. ಕಂಪ್ಯೂಟರ್ ಎಣಿಸುವುದು ಒಂದರಿಂದಲ್ಲ, ಸೊನ್ನೆಯಿಂದ! ಪಂಚಾಂಗಕ್ಕೆ ಒಂದನೆಯದಾದ ಅಶ್ವಿನಿ ಅದಕ್ಕೆ ಸೊನ್ನೆಯನೆಯದು. ನಾಲ್ಕು ಒತ್ತಿದರೆ ರೋಹಿಣಿ ಬಿಟ್ಟು ಮುಂದಿನ ಮೃಗಶಿರ ಹಿಡಿಯುತ್ತದೆ. ಹದಿಮೂರು ಒತ್ತಿದರೆ ಹಸ್ತ ಬಿಟ್ಟು ಚಿತ್ತಾ. ಚಿತ್ತಾ ರಾಕ್ಷಸ ಗಣ! ಇಪ್ಪತ್ತೇಳು ಒತ್ತಿದರೆ ಮುಂದೆ ಏನೂ ಇಲ್ಲ. ಸೊನ್ನೆಯ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ಅದನ್ನೇ ದಿನಾ ಬೋರ್ಡಿನ ಮೇಲೆ ಬರೆದು ಹುಡುಗರಿಗೆ ಪಾಠ ಮಾಡುತ್ತಿದ್ದೆ.

"ಅಮ್ಮ, ತಪ್ಪು ನಂದೇ!" ಎಂದು ಕುಣಿದೆ. ತಪ್ಪು ಮಾಡಿ ಅಷ್ಟು ಸಂತೋಷಪಟ್ಟವನು ಸಾಗರ ತಾಲ್ಲೂಕಿನಲ್ಲಿ ಬೇರೊಬ್ಬನಿರಲಿಕ್ಕಿಲ್ಲ.

ಸೆಂಟರಿಗೆ ಬೀಗ ಜಡಿದು ಇಬ್ಬರೂ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಅಮ್ಮ ಪಕ್ಕದ ಸೀಟಿನ ಹೆಂಗಸಿಗೆ ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದಳು. ಅಮ್ಮನ ಪಿಸುಮಾತು ಡ್ರೈವರಿಗೂ ಕೇಳಿಸುತ್ತದೆ. ಹೊಸನಗರ ಬರುವಷ್ಟರಲ್ಲಿ ಇಡೀ ಬಸ್ಸು ನನ್ನ ಮದುವೆಯ ಚಿಂತೆಯಲ್ಲಿತ್ತು. ಕಂಡಕ್ಟರು ನನ್ನ ಬಳಿ ಬಂದು, "ಹೋದ ಕೂಡ್ಲೇ ಕಾಲಿಗೆ ಬಿದ್ದುಬಿಡಿ ಸಾರ್, ಮಾತು ಆಮೇಲೆ" ಎಂದು ಬುದ್ಧಿ ಹೇಳಿದರು.

ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಮೇಗರವಳ್ಳಿಯಲ್ಲಿ ಇಳಿದಾಗ ಗೌಡರು ಮಿಲ್ಲಿನಲ್ಲಿದ್ದರು. ಅಮ್ಮ ಮನೆಯೊಳಗೆ ಹೋದಳು, ನಾನು ಮಿಲ್ಲಿಗೆ ಹೋದೆ. ಮಿಷಿನ್ನಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗೌಡರ ಕಿವಿಯ ಹತ್ತಿರ ಹೋಗಿ ನರ ಉಬ್ಬುವಂತೆ ಕೂಗಿದೆ:

"ಗೌಡ್ರೆ, ನಾನು ಸೊನ್ನೆ..."

ಅಷ್ಟರಲ್ಲಿ ಕರೆಂಟು ಹೋಯಿತು. ಮಿಲ್ಲೆಲ್ಲ ನಿಶ್ಶಬ್ದ. ಭತ್ತದ ಚೀಲದ ಮೇಲೆ ಕೂತಿದ್ದವರೆಲ್ಲ ನನ್ನತ್ತ ತಿರುಗಿದರು. ಒಬ್ಬ ಮುದುಕರು ಮರುಕದಿಂದ, "ಹಂಗೆಲ್ಲ ಅನ್ಕೋಬಾರ್ದು ಮಾರಾಯ್ರೆ" ಎಂದರು.

"ಸೊನ್ನೆಯಿಂದ ಎಣಿಸೋದನ್ನ ಮರೆತಿದ್ದೆ" ಎಂದು ವಾಕ್ಯ ಮುಗಿಸಿ, ಕಂಪ್ಯೂಟರು ಮೊದಲನೆಯದನ್ನು ಒಂದು ಎನ್ನುವುದಿಲ್ಲ ಎಂದು ಗೌಡರಿಗೆ ವಿವರಿಸಿದೆ.

ಗೌಡರ ಮುಖ ಅರಳಿತು. "ಅಷ್ಟೇಯಾ? ನಾವೂ ಅನ್ನಲ್ಲ! ಭತ್ತ ಅಳೆಯೋವಾಗ ಮೊದ್ಲನೇ ಕೊಳಗಕ್ಕೆ ಒಂದು ಅಂತೀವನಾ? 'ಲಾಭ' ಅಂತೀವಿ."

"ಅದೇ ಗೌಡ್ರೆ! ಕಂಪ್ಯೂಟರೂ ಹಾಗೇ!"

"ನಾವು ಲಾಭ ಆದ್ಮೇಲೆ ಎರಡು ಅಂತೀವಿ. ಅದು ಎಂತ ಅಂತದೆ?"

"ಒಂದು ಅಂತದೆ."

ಗೌಡರ ಮುಖ ಮತ್ತೆ ಗಂಟಾಯಿತು. "ಲಾಭ ಆದ್ಮೇಲೆ ಒಂದಾ? ನನ್ನ ಮಿಲ್ಲಲ್ಲಿ ಹಂಗೆ ಅಳೆದ್ರೆ ಜನ ಅದೇ ಕೊಳಗ ತಗೊಂಡು ನನ್ನ ತಲೆಗೆ ಹಾಕ್ತಾರೆ!" ಚೀಲದ ಮೇಲಿದ್ದವರು ಹೌದು ಹೌದೆಂದು ತಲೆಯಾಡಿಸಿದರು. ಗೌಡರು ಗಡ್ಡ ಕೆರೆದುಕೊಂಡರು. "ಅಲ್ಲ ಮಾರಾಯ್ರೆ, ನಂಗೊಂದು ಅರ್ಥ ಆಗ್ತಿಲ್ಲ. ಕಂಪ್ಯೂಟರ್ ಸರಿ ಇದ್ರೆ ಜಾತಕ ಕೂಡಲ್ಲ. ಅದಕ್ಕೆ ಕಲಿಸಿದ್ದೇ ತಪ್ಪಾದ್ರೆ ಹುಡುಗ ಕೂಡಲ್ಲ. ನಾನು ಮಗಳನ್ನ ಹೆಂಗೆ ಕೊಡ್ಲಿ?"

ಕಂಡಕ್ಟರ್ ಹೇಳಿದ್ದು ನೆನಪಾಗಿ ಬಗ್ಗುವುದೋ ಬೇಡವೋ ಎಂದು ಅರ್ಧ ಬಗ್ಗಿದ್ದೆ.

ಅಮ್ಮನಿಂದ ವಿಷಯ ತಿಳಿದ ಹೇಮಾ ಆಗಲೇ ಮಿಲ್ಲಿನ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕಣ್ಣಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.

"ಒಂದು ಮಾತು ಕೇಳ್ತೀನಿ, ಸರಿಯಾಗಿ ಹೇಳಿ. ಅವತ್ತು ನಾನು ರಾಕ್ಷಸ ಗಣ ಅಂತ ಬಂತಲ, ಆಗ ನಿಮಗೆ ಎಂತ ಅನ್ನಿಸ್ತು?"

ಜೀವಮಾನದಲ್ಲಿ ಅದೊಂದು ಸಲ ನಾನು ಯೋಚಿಸದೆ ಆಡಿದ ಮಾತು ನನ್ನನ್ನು ಕಾಪಾಡಿತು.

"ರಾಕ್ಷಸ ಗಣವಾದ್ರೂ ಪರವಾಗಿಲ್ಲ, ನೀವೇ ಬೇಕು ಅನ್ನಿಸ್ತು."

ಹೇಮಾಳ ಸಿಟ್ಟು ಕರಗಿ ಕಣ್ಣು ತುಂಬಿತು.

"ಇದನ್ನ ಅವತ್ತೇ ಹೇಳೋದಲ್ವಾ? ನೀವು ಹೇಳ್ತೀರಿ ಅಂತ ನಾನು ಬಾಗಿಲಲ್ಲಿ ನಿಂತಿದ್ದೆ. ನೀವು ಆ ಮಿಷಿನ್ನಿನ ಹೊಟ್ಟೆಗೆ ಕೈ ಹಾಕ್ಕೊಂಡು ಕೂತಿದ್ರಿ!" ಎಂದವಳು ಗೌಡರತ್ತ ತಿರುಗಿ, "ಅಪ್ಪಯ್ಯ, ಭಟ್ರು ಊರಿಗೆ ಬಂದಿದಾರೆ. ಅವರಿಗೇ ತೋರಿಸಿ" ಎಂದು ಮನೆಯೊಳಗೆ ನಡೆದಳು.

ಭಟ್ಟರು ಬಂದು, ಬೆರಳ ಗಿಣ್ಣಿನಲ್ಲೇ ಎಣಿಸಿ, ತಾಂಬೂಲದ ರಸ ಕಟಬಾಯಿಗೆ ಬರುವ ಮೊದಲೇ "ಬಹಳ ಚೆನ್ನಾಗಿ ಕೂಡ್ತದೆ" ಎಂದರು. ಕರೆಂಟು ಕೂಡ ಬೇಕಾಗಲಿಲ್ಲ.

ಮದುವೆ ತೀರ್ಥಹಳ್ಳಿಯಲ್ಲಿ ನಡೆಯಿತು. ಸಾಗರದಿಂದ ಶೆಟ್ಟರು ಹೆಂಡತಿ ಸಮೇತ ಬಂದಿದ್ದರು. ಧಾರೆ ಮುಗಿದು ಸಪ್ತಪದಿಗೆ ನಿಂತೆವು. ಭಟ್ಟರು ಮಂತ್ರ ಹೇಳಿ, "ಹ್ಞಾಂ, ಮೊದಲ್ನೇ ಹೆಜ್ಜೆ ಇಡಿ" ಎಂದರು. ನಾನು ಗಂಭೀರವಾಗಿ ಕಾಲು ಎತ್ತಿದೆ. ಹೇಮಾ ನನ್ನ ಬೆರಳನ್ನು ಗಟ್ಟಿಯಾಗಿ ಅದುಮಿ, ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು:

"ಇದು ಒಂದು. ಸೊನ್ನೆ ಅಲ್ಲ!"

ಊರಿಗೆಲ್ಲ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರು ನಾನು, ಬಾಸಿಂಗ ಕಟ್ಟಿದ ತಲೆಯನ್ನು ಶಾಲೆಯ ಹುಡುಗನಂತೆ ಅಲ್ಲಾಡಿಸಿ, "ಒಂದು" ಎಂದು ಹೆಜ್ಜೆಯಿಟ್ಟೆ.