ಬೇಲಿನೊಳಗಿನ ಮಾವಿನಹಣ್ಣು

ನಾನು ಸಿಗರೇಟು ಬಿಟ್ಟ ಸುದ್ದಿ ಕೇಳಿ ಇಡೀ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸಂತೋಷಪಟ್ಟವಳು ಒಬ್ಬಳೇ, ನನ್ನ ಹೆಂಡತಿ ಪ್ರಮೀಳಾ. ಉಳಿದವರೆಲ್ಲ ನಾನೇನೋ ಕುಲದ್ರೋಹ ಮಾಡಿದೆನೆಂಬಂತೆ ನೋಡಿದರು. ಅವರ ತಪ್ಪೂ ಇಲ್ಲ ಬಿಡಿ. ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರವೂ ಹೊಗೆಸೊಪ್ಪಿನ ಹೊಲಗಳೇ. ನಾನೂ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಸೊಪ್ಪು ಒಣಗಿಸುವ ಮನೆಯಲ್ಲಿ ಬೆಂಕಿ ಕೊಟ್ಟು ಹದ ಮಾಡಿ, ಹರಾಜಿಗೆ ಹಾಕಿ ಅನ್ನ ತಿನ್ನುವವನೇ.

"ಸ್ವಾಮ್ಯೋರೇ, ಓಟ್ಲು ಮಡಗಿದೋನು ತಾನೇ ಊಟ ಬುಟ್ಟಂಗಾಯ್ತಲ್ಲ" ಎಂದು ಹಾಲಿನ ಡೈರಿಯ ಹತ್ತಿರ ಒಬ್ಬರು ಮರುಗಿದರು.

ಬಿಟ್ಟದ್ದಕ್ಕೆ ಕಾರಣವಿತ್ತು. ಬ್ಯಾರನ್ನಿಗೆ ಸೊಪ್ಪು ತುಂಬುವಾಗ ಒಬ್ಬರು ಒಳಗಿನ ಗಳುಗಳ ಮೇಲೆ ಹತ್ತಿ ನಿಂತು, ಕೆಳಗಿನಿಂದ ಕೊಡುವ ಸೊಪ್ಪಿನ ಕಡ್ಡಿಗಳನ್ನು ಸಾಲಾಗಿ ಮೇಲಿಡಬೇಕು. ಅದು ಯಜಮಾನನ ಜಾಗ. ಈ ಸಲ ನಾನು ಅರ್ಧ ಹತ್ತಿದ್ದೆ, ಅಷ್ಟರಲ್ಲಿ ಕೆಮ್ಮು ಹಿಡಿಯಿತು. ಕೆಮ್ಮು ಎಂದರೆ ಅಂತಿಂಥ ಕೆಮ್ಮಲ್ಲ, ಗೋಡೆಯ ಮಣ್ಣು ಉದುರಿತು (ಸ್ವಲ್ಪವಾದರೂ ಉದುರಿತು). ಕೆಳಗಿಳಿದು ಕಂಬ ಹಿಡಿದು ಕೂತೆ. ಪ್ರಮೀಳಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಳುಗಳೆಲ್ಲ ನೋಡುತ್ತಿದ್ದಂತೆ ಮೇಲೆ ಹತ್ತಿ ಬ್ಯಾರನ್ ತುಂಬಿಸಿದಳು. ಇಳಿದು ಬಂದ ಮೇಲೂ ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತಿಗೂ ಸೇದುತ್ತಿದ್ದೆ. ಅವತ್ತೇ ಪ್ಯಾಕೆಟ್ಟನ್ನು ಒಲೆಗೆ ಹಾಕಿದೆ.

ಸಿಗರೇಟು ಹೋಯಿತು, ಆದರೆ ಕೈ ಎಲ್ಲಿಗೆ ಹೋಗಬೇಕು? ಬಾಯಿ ಏನು ಮಾಡಬೇಕು? ಪ್ರಮೀಳಾ ಅದಕ್ಕೂ ಒಂದು ಪಂಚವಾರ್ಷಿಕ ಯೋಜನೆ ಹಾಕಿದಳು. ನನ್ನ ಅಂಗಿಯ ಎರಡೂ ಜೇಬಿಗೆ ಹುರಿಗಡಲೆ ತುಂಬಿದಳು.

"ಆಸೆ ಬಂದಾಗ್ಲೆಲ್ಲ ನಾಲ್ಕು ಕಾಳು ಬಾಯಿಗ್ ಹಾಕ್ಕಳಿ ಕಣ್ರೀ."

"ಆಸೆ ಯಾವಾಗ್ಲೂ ಬರ್ತದಲ್ಲೇ."

"ಅಂಗಾದ್ರೆ ಯಾವಾಗ್ಲೂ ತಿನ್ನಿ. ಗಡಲೆಗೇನು ಬರ ಬಂದಿದ್ಯಾ?"

ತಿಂದೆ. ನಾನು ನಡೆದರೆ ಜೇಬಿನಿಂದ ಕಾಳು ಉದುರುತ್ತಿದ್ದವು, ಕೋಳಿಗಳು ಹಿಂದೆ ಮೆರವಣಿಗೆ ಬರುತ್ತಿದ್ದವು. ಇಂಥ ದೈನ್ಯದ ದಿನಗಳಲ್ಲಿ ನನ್ನ ಬಾಲ್ಯಮಿತ್ರ ಶಿವನಂಜಪ್ಪ ಜಗಲಿ ಹತ್ತಿದ.

"ಲೇ ಸ್ವಾಮಿ, ಏನ್ಲಾ ಇದು, ಕುದುರೆ ಮೇದಂಗೆ ಮೇಯ್ತಾ ಇದ್ದೀಯೆ? ಕಾಲ ಎಲ್ಲಿಗೋಗದೆ, ನೀನ್ ಎಲ್ಲಿದ್ದೀಯೆ?" ಎಂದವನೇ ಚೀಲದಿಂದ ಎರಡು ವಸ್ತು ತೆಗೆದು ನನ್ನ ತೊಡೆಯ ಮೇಲಿಟ್ಟ. "ವೇಪ್ ಅಂತಾರೆ ಕಣ್ಲಾ. ಕರೆಂಟ್ ಸಿಗರೇಟು. ನಮ್ ಭಾಮೈದ ದುಬೈಯಿಂದ ತಂದವ್ನೆ. ಇದು ದುಬಾರಿದು, ಇದು ಅಗ್ಗದ್ದು. ಒಂದ್ ವಾರ ಎರಡ್ನೂ ನೋಡು. ಯಾವ್ದು ಒಪ್ಪುತ್ತೋ ನೀ ಮಡೀಕೋ, ಇನ್ನೊಂದು ನಂಗೆ."

"ಇದನ್ನ ಮಾರೋದು ನಮ್ ದೇಶ್ದಲ್ಲಿ ನಿಷೇಧ ಅಲ್ವೇನೋ?"

"ನಾನೆಲ್ಲಿ ಮಾರ್ದೆ? ಕೊಟ್ಟೆ, ಬುಡು."

ಹೊಗೆಸೊಪ್ಪು ಬೆಳೆಯಲು ನನಗೆ ಲೈಸೆನ್ಸ್ ಉಂಟು. ಈ ಕಡ್ಡಿ ಕೊಳ್ಳಲು ಹೋದರೆ ಕಾನೂನು ಅಡ್ಡ ಬರುತ್ತದೆ. ಇದನ್ನು ಯೋಚಿಸುತ್ತ ಕೂತರೆ ತಲೆ ಕೆಡುತ್ತದೆ. ನಾನು ಯೋಚಿಸಲಿಲ್ಲ, ಸಂಶೋಧನೆ ಶುರು ಮಾಡಿದೆ.

ಮೊದಲು ದುಬಾರಿ ಮಹಾಶಯ. ಅಂಗೈ ತುಂಬುವ ತೂಕ, ಎದೆಯ ಮೇಲೊಂದು ಗಾಜಿನ ಪರದೆ, ಅದರಲ್ಲಿ ಶಾಖ ತೋರಿಸುವ ಅಂಕಿ. ಅಂಕಿ ನೋಡಿದ್ದೇ ನನ್ನ ಎದೆ ಉಬ್ಬಿತು. ಶಾಖದ ವಿಷಯ ನನಗೆ ಹೇಳಿಕೊಡಬೇಕೇ? ಬ್ಯಾರನ್ನಿನ ಥರ್ಮಾಮೀಟರ್ ನೋಡುತ್ತಲೇ ಕೂದಲು ಹಣ್ಣಾದವನು ನಾನು. ಮೊದಲು ಸೊಪ್ಪು ಹಳದಿಯಾಗುವಷ್ಟು ಸಣ್ಣ ಕಾವು, ಆಮೇಲೆ ಎಲೆ ಒಣಗುವ ಕಾವು, ಕೊನೆಗೆ ದಂಟು ಒಣಗುವ ಕಾವು. ಅವಸರ ಮಾಡಿದರೆ ಸೊಪ್ಪು ಕಪ್ಪಾಗುತ್ತದೆ. ಅದೇ ಶಾಸ್ತ್ರಪ್ರಕಾರ ಆ ಯಂತ್ರವನ್ನು ಅತಿ ಕಡಿಮೆ ಕಾವಿಗಿಟ್ಟು, ದನದ ಕೊಟ್ಟಿಗೆಯ ಹಿಂದೆ ಕೂತು ಹಳದಿಯಾಗುವುದನ್ನು ಕಾದೆ. ಆಗಾಗ ಒಂದೊಂದು ಅಂಕಿ ಏರಿಸಿದೆ. ಹೊಗೆ ಬರಲಿಲ್ಲ, ಹಳದಿಯೂ ಬರಲಿಲ್ಲ, ಅದರ ಬ್ಯಾಟರಿ ಸತ್ತಿತು. ಫೋನ್ ಮಾಡಿ ಕೇಳಿದರೆ ಶಿವನಂಜಪ್ಪ ನಕ್ಕು ನಕ್ಕು ಕೆಮ್ಮಿದ. "ಲೇ, ಅದು ಬ್ಯಾರನ್ ಅಲ್ಲ ಕಣ್ಲಾ! ಗುಂಡಿ ಒತ್ತು, ಎಳಿ!" ಚಾರ್ಜ್ ಮಾಡಿ, ಗುಂಡಿ ಒತ್ತಿ ಎಳೆದೆ. ಬಿಸಿ ಸಾರು ನೆತ್ತಿಗೆ ಹತ್ತಿದಂತಾಯಿತು.

ಅಗ್ಗದ್ದು ಸಂಭಾವಿತ. ಸ್ಕೆಚ್ ಪೆನ್ನಿನ ಹಾಗೆ ಇತ್ತು. ಗುಂಡಿಯಿಲ್ಲ, ಪರದೆಯಿಲ್ಲ, ಎಳೆದರೆ ಬಂತು, ಬಿಟ್ಟರೆ ಹೋಯಿತು. ಒಂದೇ ದೋಷವೆಂದರೆ ಅದರ ಹೊಗೆ ಮಾವಿನಹಣ್ಣಿನ ವಾಸನೆ ಹೊಡೆಯುತ್ತಿತ್ತು. ನಡುಗುವ ಪುಷ್ಯ ಮಾಸದಲ್ಲಿ, ಮಾವಿನ ಮರ ಇನ್ನೂ ಹೂವೇ ಬಿಡದಿರುವಾಗ, ನನ್ನ ಮೀಸೆಯಲ್ಲಿ ರಸಪುರಿ ಘಮಘಮಿಸಿತು.

"ಎಲ್ರೀ ಮಾವಿನಣ್ಣು ತಿಂದ್ರಿ?" ಎಂದಳು ಪ್ರಮೀಳಾ.

"ಶಿವನಂಜಪ್ಪ ಜ್ಯೂಸು ಕುಡಿಸ್ದ."

"ಈ ಚಳೀಲಾ?"

"ದುಬೈ ಜ್ಯೂಸು. ಚಳೀಲೇ ಕುಡಿಯೋದು."

ಅವಳು "ಓಹೋ" ಎಂದು ಸುಮ್ಮನಾದಳು. ಪ್ರಮೀಳಾ ಸುಮ್ಮನಾದಳೆಂದರೆ ನಾನು ಹೆದರಬೇಕಿತ್ತು. ಗೆದ್ದೆ ಅಂದುಕೊಂಡೆ.

ಇಲ್ಲಿ ಪ್ರಮೀಳಾಳ ಬೇಲಿನ ವಿಷಯ ಹೇಳಲೇಬೇಕು. ಹದವಾದ ಸೊಪ್ಪನ್ನು ಬಣ್ಣ, ಉದ್ದ ನೋಡಿ ವಿಂಗಡಿಸಿ, ಒತ್ತಿ, ಗೋಣಿತಟ್ಟು ಸುತ್ತಿ ಹೊಲಿದರೆ ಒಂದು ಬೇಲ್. ಹರಾಜಿನಲ್ಲಿ ಕಂಪನಿಯವರು ಅದರೊಳಗೆ ಕೈ ಹಾಕಿ ನೋಡುತ್ತಾರೆ. ಮೇಲೆ ಒಳ್ಳೆಯ ಸೊಪ್ಪು, ಒಳಗೆ ಕಳಪೆ ಇಟ್ಟಿದ್ದರೆ ಮಾನ ಹೋಯಿತು. ದಾರದ ಚೂರು, ಕೋಳಿ ಪುಕ್ಕ, ಪ್ಲಾಸ್ಟಿಕ್ಕು ಸಿಕ್ಕಿದರೂ ಬೇಲ್ ವಾಪಸ್. ಪ್ರಮೀಳಾ ಕಟ್ಟಿದ ಬೇಲ್ ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ವಾಪಸ್ ಬಂದಿಲ್ಲ. 'ಪ್ರಮೀಳಮ್ಮನ ಬೇಲಾ? ಹಾಗಾದ್ರೆ ಸರಿ' ಎನ್ನುತ್ತಾರೆ. ಲೈಸೆನ್ಸಿನಲ್ಲಿ ಪ್ರಭುಸ್ವಾಮಿ ಎಂಬ ನನ್ನ ಹೆಸರಿದೆ. ಮಾರುಕಟ್ಟೆಯಲ್ಲಿರುವುದು ಅವಳ ಹೆಸರು.

ಅವತ್ತು ಮಧ್ಯಾಹ್ನ ಅವಳು ಕಾಫಿ ತರಲು ಒಳಗೆ ಹೋಗಿದ್ದಳು. ನಾನು ತುಂಬಿ ಇನ್ನೂ ಹೊಲಿಯದ ಬೇಲಿನ ಪಕ್ಕ ಕೂತು ಎರಡು ಯಂತ್ರಗಳನ್ನೂ ಎರಡು ಕೈಯಲ್ಲಿ ಹಿಡಿದು, ಅಂತಿಮ ತೀರ್ಪಿಗೆಂದು ಇದರದ್ದೊಂದು ಅದರದ್ದೊಂದು ದಮ್ಮು ಎಳೆಯುತ್ತಿದ್ದೆ. ಬಾಗಿಲಲ್ಲಿ ಬಳೆ ಸದ್ದಾಯಿತು. ಎರಡನ್ನೂ ಸೊಪ್ಪಿನ ಪದರದೊಳಗೆ ತುರುಕಿದೆ. ಅದೇ ಗಳಿಗೆಯಲ್ಲಿ ಟೆಂಪೋದವನು ಅಂಗಳದಲ್ಲಿ ಹಾರನ್ ಹೊಡೆದ. ಹಿಂದೆ ಬರಲು ಅವನಿಗೆ ದಾರಿ ತೋರಿಸಿ ವಾಪಸ್ ಬರುತ್ತೇನೆ, ಬೇಲ್ ಹೊಲಿದಾಗಿದೆ! ಪ್ರಮೀಳಾ ದಬ್ಬಣಕ್ಕೆ ಅಂಟಿದ ದಾರ ಕತ್ತರಿಸುತ್ತಿದ್ದಾಳೆ.

"ಆಗ್ಲೇ ಒಲ್ದುಬುಟ್ಯಾ?"

"ಮತ್ತೆ? ಪಂಚಾಂಗ ನೋಡ್ಬೇಕಿತ್ತಾ?"

"ಇನ್ನೊಂದ್ ಸಲ ಬಿಚ್ಚಿ ನೋಡಿದ್ರೆ..."

"ಯಾಕೆ? ನನ್ ಬೇಲ್ ಮೇಲೆ ಅನುಮಾನವಾ ನಿಮ್ಗೆ?"

ನೋಡನೋಡುತ್ತಲೇ ಬೇಲ್‌ಗಳು ಟೆಂಪೋ ಏರಿ, ಟಾರ್ಪಾಲ್ ಹೊದ್ದು, ಬೆಳಗಿನ ಹರಾಜಿಗೆ ಹೊರಟೇಹೋದವು. ಆ ಬೇಲಿನ ಮೂಲೆಗೊಂದು ನೀಲಿ ತೇಪೆ ಇತ್ತು. ಅದು ಗೇಟು ದಾಟುವವರೆಗೂ ನನ್ನನ್ನೇ ನೋಡುತ್ತಿತ್ತು.

ಆ ರಾತ್ರಿ ನಾನು ಮಲಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ದುಬಾರಿಯವನು ಒಳಗೆ ತಾನಾಗಿ ಹೊತ್ತಿಕೊಂಡರೆ? ಮಾರುಕಟ್ಟೆಯೇ ಒಂದು ದೊಡ್ಡ ಸಿಗರೇಟಾದರೆ? ಬೆಂಕಿಯಿರಲಿ, ಕಂಪನಿಯವರು ಕೈ ಹಾಕಿ ನಿಷೇಧಿತ ಮಾಲು ಹೊರಗೆಳೆದರೆ, ಪ್ರಮೀಳಾಳ ಹೆಸರು ಏನಾಗಬೇಕು? ನನ್ನದು ಹೇಗೂ ಹಾಳಾಗಿರುವ ಹೆಸರು. ಬ್ಯಾರನ್ ಹತ್ತಿ ನನ್ನ ಮಾನ ಉಳಿಸಿದವಳ ಮಾನ ನಾನೇ ಬೇಲಿನಲ್ಲಿಟ್ಟು ಹೊಲಿಸಿಬಿಟ್ಟೆನಲ್ಲ ಎಂದು ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಅವಳು ಗೊರಕೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಮಾರುಕಟ್ಟೆಗೆ ಓಡಿ, ಸಾಲಿನಲ್ಲಿ ನೀಲಿ ತೇಪೆಯನ್ನು ಹುಡುಕಿ, ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿದೆ. ಬೆರಳು ಹೋಯಿತು, ಕೈ ಹೋಗಲಿಲ್ಲ. ಇನ್ನೊಂದು ಕೈಯಿಂದ ಬೇಲನ್ನು ತಬ್ಬಿ ಹಿಡಿದು ಜಗ್ಗಿದೆ. ಅಷ್ಟರಲ್ಲಿ ಹರಾಜು ಅಧಿಕಾರಿಗಳೂ ಕಂಪನಿಯವರೂ ಸಾಲು ಹಿಡಿದು ಬಂದೇಬಿಟ್ಟರು.

"ಏನ್ರೀ ಅದು? ಬೇಲನ್ನ ಯಾಕೆ ತಬ್ಕೊಂಡಿದ್ದೀರಿ?"

"ಏನಿಲ್ಲ ಸಾರ್. ಪ್ರೀತಿ."

"ಒಳಗೆ ಏನಿದೆ?"

"ಸೊಪ್ಪು ಸಾರ್. ಬರೀ ಸೊಪ್ಪು. ಸೊಪ್ಪು ಬಿಟ್ರೆ ಮಾವಿನಹಣ್ಣಾಗ್ಲೀ ಏನಾಗ್ಲೀ..."

"ಮಾವಿನಹಣ್ಣಾ?" ಅಧಿಕಾರಿಗಳ ಹುಬ್ಬು ಏರಿತು. "ಬಿಚ್ಚಿಸ್ರಪ್ಪ ಇದನ್ನ. ತಳದವರೆಗೂ."

ಜನ ಸೇರಿದರು. ದಾರ ಕತ್ತರಿಸಿದರು. ನಾನು ಕಣ್ಣು ಮುಚ್ಚಿ ಮಲೆ ಮಾದಪ್ಪನಿಗೆ ಮುಡಿ ಹರಕೆ ಹೊತ್ತೆ. ಒಂದೊಂದೇ ಪದರ ತೆಗೆಯುವ ಸರಸರ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ಕಣ್ಣು ಬಿಟ್ಟೆ. ಮೇಲಿನಿಂದ ತಳದವರೆಗೆ ಒಂದೇ ಬಣ್ಣದ, ಒಂದೇ ಉದ್ದದ ಸೊಪ್ಪು. ಯಂತ್ರಗಳಿಲ್ಲ, ಒಂದು ದಾರದ ಚೂರೂ ಇಲ್ಲ.

"ಈ ಸೀಸನ್ನಿನಲ್ಲಿ ಇಷ್ಟು ಶುದ್ಧವಾದ ಬೇಲ್ ನಾನು ನೋಡಿಲ್ಲ" ಎಂದರು ಅಧಿಕಾರಿಗಳು. "ಯಾರ್ರೀ ಕಟ್ಟಿದ್ದು?"

"ನಮ್ಮ ಮನೆಯವರು ಸಾರ್."

"ಹಾಗಾದ್ರೆ ಮುಂದಿನ ಸಲ ಅವರನ್ನೇ ಕಳಿಸಿ. ನೀವು ಮನೇಲಿರಿ."

ಇಡೀ ಮಾರುಕಟ್ಟೆ ನಕ್ಕಿತು. ನನಗೆ ಅವಮಾನವೂ ಆಯಿತು, ಹೋದ ಜೀವ ಬಂದ ಹಾಗೂ ಆಯಿತು. ಎರಡೂ ಒಟ್ಟಿಗೇ ಆದಾಗ ಮನುಷ್ಯನಿಗೆ ಬೇಕಾಗುವುದು ಒಂದೇ. ಗೇಟಿನ ಹೊರಗಿನ ಮಂಚಯ್ಯನ ಪೆಟ್ಟಿಗೆ ಅಂಗಡಿಗೆ ಹೋದೆ.

"ಮಂಚಯ್ಯ, ಒಂದು ಸಿಗರೇಟು ಕೊಡು."

"ಇಲ್ಲ ಸ್ವಾಮ್ಯೋರೆ."

"ಕಣ್ಮುಂದೇನೇ ಡಬ್ಬ ತುಂಬ ಇದ್ಯಲ್ಲಯ್ಯ!"

"ಐತೆ. ನಿಮ್ಗಿಲ್ಲ. ಅಮ್ಮೋರು ಯಾವತ್ತೋ ಏಳಿ ಓಗವ್ರೆ. ಸ್ವಾಮ್ಯೋರು ಬಂದು ಸಿಗರೇಟು ಕೇಳುದ್ರೆ ಕಡ್ಲೆಮಿಠಾಯಿ ಕೊಡಿ ಅಂತ. ಇಲ್ಲೊಂದೇ ಅಲ್ಲ, ಬಸ್ ಸ್ಟ್ಯಾಂಡ್ ಗಂಟ ಎಲ್ಲಾ ಅಂಗ್ಡೀಗೂ ಏಳವ್ರೆ. ಸುಮ್ಕೆ ಯಾಕ್ ನಡೀತೀರಾ, ತಕ್ಕಳಿ."

ಕಡಲೆಮಿಠಾಯಿ ಕೈಗಿಟ್ಟ. ಮೊದಲು ಸಿಟ್ಟು ಬಂತು. ನನ್ನ ಮರ್ಯಾದೆಯನ್ನು ಬಸ್ ಸ್ಟ್ಯಾಂಡಿನವರೆಗೂ ಹರಡಿದ್ದಾಳಲ್ಲ! ಆದರೆ ಅವಳು ಬಿಸಿಲಲ್ಲಿ ಒಂದೊಂದೇ ಅಂಗಡಿಯ ಮುಂದೆ ನಿಂತು, ನನ್ನ ಸಲುವಾಗಿ ಇವರನ್ನೆಲ್ಲ ಕೇಳಿಕೊಂಡದ್ದು ಕಣ್ಣಿಗೆ ಬಂತು. ಇಷ್ಟು ಕಾವಲು ಕಾಯುವವರು ಯಾರಿಗಿದ್ದಾರೆ ಹೇಳಿ? ನನ್ನ ಪುಣ್ಯ, ನನಗಿದ್ದಾಳೆ.

ಮನೆಗೆ ಬಂದರೆ ಜಗಲಿಯ ಮೇಲೆ ಶಿವನಂಜಪ್ಪ ತಲೆ ತಗ್ಗಿಸಿ ಹುರಿಗಡಲೆ ತಿನ್ನುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸುಂದ್ರಮ್ಮ ಕೈಕಟ್ಟಿ ನಿಂತಿದ್ದಳು.

"ಎರಡ್ನೂ ತಕ್ಕೊಂಡೋಗಿ ಸುಂದ್ರಕ್ಕನ್ ಕೈಗೇ ಕೊಟ್ಟೆ" ಎಂದಳು ಪ್ರಮೀಳಾ. "ಬೇಲ್ ಒಲಿಯೋಕ್ ಮುಂಚೆ ತಳದವರ್ಗೂ ಕೈ ಆಡಿಸ್ದೆ ಇರೋಳಾ ನಾನು?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ರಾತ್ರಿಯೆಲ್ಲ ಒದ್ದಾಡಿದ್ನಲ್ಲೇ!"

"ಗೊತ್ತು. ಅದಕ್ಕೇ ಏಳ್ಲಿಲ್ಲ. ಜ್ಯೂಸು ಕುಡುದೋರ ಮೂಗಲ್ಲಿ ಒಗೆ ಬತ್ತದಾ?"

ಗೊರಕೆಯೂ ನಾಟಕವೆಂದು ಆಗ ತಿಳಿಯಿತು. ನಾನು ಕೈ ಮುಗಿದೆ. ತಮಾಷೆಗಲ್ಲ, ನಿಜವಾಗಿ ಮುಗಿದೆ. ಅವಳು ಮುಖ ತಿರುಗಿಸಿದಳು, ಆದರೆ ನಗು ತಡೆಯಲಾರದೆ ಕಾಫಿಗೆ ಎದ್ದು ಹೋದಳು.

ದುಬಾರಿಯೋ ಅಗ್ಗವೋ ಎಂಬ ನನ್ನ ಸಂಶೋಧನೆ ಹೀಗೆ ಮುಗಿಯಿತು. ಈಗ ಹರಾಜಿಗೆ ಪ್ರಮೀಳಾ ಹೋಗುತ್ತಾಳೆ. ನಾನು ಮನೆಯಲ್ಲಿ ಬೇಲ್ ಕಟ್ಟುತ್ತೇನೆ (ಅಧಿಕಾರಿಗಳ ಆಜ್ಞೆ, ಮೀರುವ ಹಾಗಿಲ್ಲ). ಮೊನ್ನೆ ನಾನೇ ಸ್ವಂತ ಕೈಯಿಂದ ತುಂಬಿದ ಮೊದಲ ಬೇಲನ್ನು ನಿನ್ನೆ ಬೆಳಿಗ್ಗೆ ಹೆಮ್ಮೆಯಿಂದ ಅವಳ ಮುಂದಿಟ್ಟೆ. ಅವಳು ವಾಡಿಕೆಯಂತೆ ತಳದವರೆಗೂ ಕೈ ಆಡಿಸಿದಳು. ಮುಖ ಗಂಟಾಯಿತು. ಕೈ ಹೊರತೆಗೆದು ನನ್ನ ಮುಂದೆ ಬಿಚ್ಚಿದಳು. ಅಂಗೈ ತುಂಬ ಹುರಿಗಡಲೆ, ನಾನು ಬಗ್ಗಿ ಸೊಪ್ಪು ಒತ್ತುವಾಗ ಜೇಬಿನಿಂದ ಉದುರಿದ್ದು.

"ಇದುನ್ನೂ ಕಂಪ್ನಿಯೋರಿಗೆ ಮಾರ್ತೀರಾ?"

ನಾನು ಅಷ್ಟನ್ನೂ ಅವಳ ಕೈಯಿಂದ ಎತ್ತಿ ಬಾಯಿಗೆ ಹಾಕಿಕೊಂಡೆ. ರಾತ್ರಿಯಿಡೀ ಒಳ್ಳೆಯ ಸೊಪ್ಪಿನ ನಡುವೆ ಮಲಗಿದ್ದ ಕಾಳು. ಅಗಿಯುತ್ತಿದ್ದಂತೆ ಹೊಗೆಸೊಪ್ಪಿನ ಹಳೆಯ ಪರಿಮಳವೊಂದು ಮೆಲ್ಲಗೆ ಮೂಗಿಗೆ ಏರಿತು. ಕಣ್ಣು ತಾನಾಗಿ ಮುಚ್ಚಿತು.

"ರೀ!" ಪ್ರಮೀಳಾ ಕಿರುಚಿದಳು. "ಉಗೀರಿ ಅದನ್ನ!"